ಜಯಲಕ್ಷ್ಮಿ ವಿಲಾಸ: ಒಂದು ಮನೆ, ಅದರ ಒಡೆಯರು

(ಮೈಸೂರಿನ ಹಳೆಯ ಮನೆಗಳನ್ನು ಕುರಿತ ಉಪನ್ಯಾಸ ಮಾಲೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಅರ್ಧಕ್ಕೆ ನಿಲ್ಲಿಸಿದ್ದ ಕೆಲವು ವಿವರಗಳನ್ನು ಇಲ್ಲಿ ಪೂರ್ತಿ ಮಾಡಿದ್ದೇನೆ.)

ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಆ ಕೆರೆಯ ಆಚೆಗೆ, ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಮರಗಳ ನಡುವೆ, ಸಣ್ಣ ದಿಬ್ಬದ ಮೇಲೆ ಒಂದು ದೊಡ್ಡ ಬಿಳಿಯ ಮನೆ ಇದೆ. ಊರಿನವರು ಅದನ್ನು ಅರಮನೆ ಎನ್ನುತ್ತಾರೆ, ವಿದ್ಯಾರ್ಥಿಗಳು ಮ್ಯೂಸಿಯಂ ಎನ್ನುತ್ತಾರೆ, ಕಾಗದಪತ್ರಗಳಲ್ಲಿ ಅದು ಜಯಲಕ್ಷ್ಮಿ ವಿಲಾಸ ಮ್ಯಾನ್‌ಷನ್. ನಾನು ಇವತ್ತು ಅದನ್ನು ಮನೆ ಎಂದೇ ಕರೆಯುತ್ತೇನೆ, ಏಕೆಂದರೆ ಅದನ್ನು ಕಟ್ಟಿದ್ದು ರಾಜ್ಯಭಾರಕ್ಕಲ್ಲ, ದರ್ಬಾರಿಗಲ್ಲ. ಮದುವೆಯಾದ ಒಬ್ಬ ಹೆಣ್ಣುಮಗಳು ಗಂಡನೊಡನೆ ಸಂಸಾರ ಮಾಡಲಿ ಎಂದು ಕಟ್ಟಿದ್ದು.

ಒಂದು ಮನೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕ್ರಯಪತ್ರಗಳ ಹಾದಿ ಹಿಡಿಯುತ್ತಾರೆ. ಯಾರು ಕಟ್ಟಿದರು, ಯಾರಿಗೆ ಬಂತು, ಯಾರು ಮಾರಿದರು, ಯಾರು ಕೊಂಡರು ಎಂಬ ಪಟ್ಟಿ ಸಿದ್ಧವಾದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಈ ಮನೆಯ ಮಟ್ಟಿಗೆ ಆ ಪಟ್ಟಿ ಬಹಳ ಚಿಕ್ಕದು: ರಾಜಮನೆತನ, ಆಮೇಲೆ ವಿಶ್ವವಿದ್ಯಾನಿಲಯ. ಆದರೆ ಈ ಮನೆಯನ್ನು ಹಲವು ವರ್ಷ ನೋಡುತ್ತ ಬಂದ ನನಗೆ, ಒಡೆತನವೆಂದರೆ ಉಸ್ತುವಾರಿಯೇ ಹೊರತು ಬೇರೇನೂ ಅಲ್ಲ ಎಂಬ ಅಭಿಪ್ರಾಯ ಗಟ್ಟಿಯಾಗಿದೆ. ಮುಂಗಾರಿಗೆ ಮೊದಲು ತಾರಸಿಯ ಮೇಲೆ ಆಳು ಹತ್ತಿಸಿ ನೋಡಿಸುವವರು ಯಾರೋ ಅವರೇ ಆ ವರ್ಷದ ಮಟ್ಟಿಗೆ ಮನೆಯ ಒಡೆಯರು. ಆ ಕಣ್ಣಿನಿಂದಲೇ ಈ ಕತೆಯನ್ನು ಹೇಳಲು ಪ್ರಯತ್ನಿಸುತ್ತೇನೆ.

ಕತೆ ಒಂದು ಬೆಂಕಿಯಿಂದ ಶುರುವಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಲಕ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದಾಗ, ಮೈಸೂರಿನಲ್ಲಿ ಅವಸರದಲ್ಲಿ ಒಂದು ಅರಮನೆ ಎದ್ದಿತು. ಅದರಲ್ಲಿ ಮರದ ಕೆಲಸವೇ ಹೆಚ್ಚು. ಸುಮಾರು ತೊಂಬತ್ತು ವರ್ಷ ಆ ಮರದ ಅರಮನೆ ಮೂರು ತಲೆಮಾರಿನ ಹುಟ್ಟು, ಮದುವೆ, ಸಾವುಗಳನ್ನು ಕಂಡಿತು. 1897ರ ಫೆಬ್ರವರಿಯಲ್ಲಿ ಚಾಮರಾಜೇಂದ್ರ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ಮದುವೆ ಅಲ್ಲಿ ನಡೆಯುತ್ತಿತ್ತು. ಆ ಮದುವೆಯ ದಿನಗಳಲ್ಲೇ ಬೆಂಕಿ ಹೊತ್ತಿಕೊಂಡು ಅರಮನೆಯ ಬಹುಭಾಗ ಸುಟ್ಟುಹೋಯಿತು. ಚಪ್ಪರ, ತೋರಣ, ನೆಂಟರಿಷ್ಟರು, ಓಲಗ ಎಲ್ಲವೂ ತುಂಬಿದ್ದ ಮನೆ ಉರಿದುಹೋದದ್ದನ್ನು ಆ ಹುಡುಗಿ ಜೀವಮಾನವಿಡೀ ಹೇಗೆ ನೆನೆದಳೋ ಬಲ್ಲವರಿಲ್ಲ. ನಾವಿಂದು ಹೆಮ್ಮೆಯಿಂದ ತೋರಿಸುವ, ಹೆನ್ರಿ ಇರ್ವಿನ್ ವಿನ್ಯಾಸದ ಅಂಬಾವಿಲಾಸ ಅರಮನೆ ಆ ಬೂದಿಯ ಜಾಗದಲ್ಲಿ ಎದ್ದದ್ದು. ಅದು 1912ರಲ್ಲಿ ಪೂರ್ತಿಯಾಯಿತು. ಖರ್ಚು 41,47,913 ರೂಪಾಯಿ ಎಂದು ಪಾಠಪುಸ್ತಕದ ಮಕ್ಕಳೂ ಹೇಳಬಲ್ಲರು. ಅದೇ ಮದುವೆಯ ಇನ್ನೊಂದು ಫಲವೆಂದರೆ ನಾವು ಮಾತಾಡುತ್ತಿರುವ ಈ ಮನೆ. ಅದನ್ನು ನೆನೆಯುವವರು ಕಡಿಮೆ.

ಇಲ್ಲಿ ಒಂದು ತಪ್ಪನ್ನು ತಿದ್ದಬೇಕು. ಪ್ರವಾಸಿಗರಿಗಾಗಿ ಬರೆದ ಎಷ್ಟೋ ಬರಹಗಳಲ್ಲಿ, ಚಾಮರಾಜ ಒಡೆಯರು ತಮ್ಮ ಹಿರಿಯ ಮಗಳಿಗಾಗಿ 1905ರಲ್ಲಿ ಈ ಮನೆಯನ್ನು ಕಟ್ಟಿಸಿದರು ಎಂದು ಬರೆದಿರುತ್ತದೆ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್‌ನಲ್ಲಿ ಕಲ್ಕತ್ತದಲ್ಲಿ ತೀರಿಕೊಂಡರು. ಮಗಳ ಮದುವೆಯನ್ನೇ ಅವರು ನೋಡಲಿಲ್ಲ. ಮದುವೆ ಮಾಡಿಸಿದ್ದು ವಿಧವೆಯಾದ ತಾಯಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು. ಮಗ ಕೃಷ್ಣರಾಜರು ಇನ್ನೂ ಎಳೆಯರಾಗಿದ್ದುದರಿಂದ 1895ರಿಂದ 1902ರವರೆಗೆ ರೀಜೆಂಟರಾಗಿ ರಾಜ್ಯ ನಡೆಸಿದವರೂ ಅವರೇ. ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ಮೂರು ವರ್ಷದಲ್ಲಿ ಮನೆ ಸಿದ್ಧವಾಯಿತು. ಆದ್ದರಿಂದ ಈ ಮನೆಯನ್ನು ತಂದೆ ಮಗಳಿಗೆ ಕೊಟ್ಟ ಉಡುಗೊರೆ ಎನ್ನುವುದಕ್ಕಿಂತ, ತಂದೆಯಿಲ್ಲದ ಅಕ್ಕನಿಗೆ ತಾಯಿಯೂ ತಮ್ಮನೂ ಕೂಡಿ ಮಾಡಿಕೊಟ್ಟ ನೆಲೆ ಎನ್ನುವುದು ಸರಿ. ತವರು ಎಂಬ ಮಾತಿನ ತೂಕ ಬಲ್ಲವರಿಗೆ ಈ ವ್ಯತ್ಯಾಸ ಸಣ್ಣದೆನಿಸಲಾರದು.

ಮದುವೆಯಾದ ಮಗಳಿಗೆ ತವರೂರಿನಲ್ಲೇ ಮನೆ ಏಕೆ ಬೇಕಾಯಿತು ಎಂದು ಯಾರಾದರೂ ಕೇಳಬಹುದು. ಮೈಸೂರು ರಾಜಮನೆತನದ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಅರಸು ಎಂಬ ತಮ್ಮದೇ ಸಮುದಾಯದ ಮನೆತನಗಳಿಗೇ ಕೊಡುವ ರೂಢಿಯಿತ್ತು. ಅಳಿಯಂದಿರಿಗೆ ಬೇರೆ ರಾಜ್ಯವಿಲ್ಲ, ಬೇರೆ ರಾಜಧಾನಿಯಿಲ್ಲ. ಅವರೂ ಮೈಸೂರಿನವರೇ, ಅರಮನೆಯ ನೆರಳಿನಲ್ಲೇ ಬಾಳುವವರು. ಜಯಲಕ್ಷ್ಮಮ್ಮಣ್ಣಿಯವರ ವಿಷಯದಲ್ಲಂತೂ ವರ ಬೇರೆ ಯಾರೂ ಅಲ್ಲ, ತಾಯಿಯ ಸ್ವಂತ ತಮ್ಮ, ಸರ್ದಾರ್ ಎಂ. ಕಾಂತರಾಜ ಅರಸ್. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ಹಳ್ಳಿಯ ಒಕ್ಕಲಿನಿಂದ ಹಿಡಿದು ಅರಮನೆಯವರೆಗೂ ನಡೆದು ಬಂದ ಸಂಬಂಧ. ಹೀಗೆ ನಾಲ್ವಡಿಯವರಿಗೆ ಕಾಂತರಾಜ ಅರಸರು ಒಂದು ಲೆಕ್ಕದಲ್ಲಿ ಮಾವ, ಇನ್ನೊಂದು ಲೆಕ್ಕದಲ್ಲಿ ಭಾವ.

ಹಿರಿಯ ರಾಜಕುಮಾರಿಗೆ ಕಟ್ಟಿದ ಹಾಗೆಯೇ ತಂಗಿಯರಿಬ್ಬರಿಗೂ ಮನೆಗಳು ಎದ್ದವು. ಎರಡನೆಯವರಾದ ಕೃಷ್ಣಾಜಮ್ಮಣ್ಣಿಯವರ ಮನೆ ಕಾರಂಜಿ ಮ್ಯಾನ್‌ಷನ್. ಈಗ ಅದು ಅಂಚೆ ಇಲಾಖೆಯ ತರಬೇತಿ ಕೇಂದ್ರ. ಕ್ಷಯರೋಗ ಆ ಸಂಸಾರವನ್ನು ಕಾಡಿದ ರೀತಿ ಮೈಸೂರಿನ ಹಳಬರು ಮಾತಿನ ನಡುವೆ ಇಂದಿಗೂ ನೆನೆಯುವ ದುಃಖ. ಊರಿನ ಕ್ಷಯರೋಗ ಆಸ್ಪತ್ರೆಗೆ ಅವರ ಹೆಸರೇ ಇದೆ. ಪಿಕೆಟಿಬಿ ಎಂದು ನಾವು ಅವಸರದಲ್ಲಿ ಹೇಳುವಾಗ ಆ ಮೊದಲ ಎರಡಕ್ಷರಗಳಲ್ಲಿ ಒಬ್ಬ ರಾಜಕುಮಾರಿ ಇದ್ದಾಳೆಂಬುದು ಮರೆತೇ ಹೋಗಿರುತ್ತದೆ. ಮೂರನೆಯವರಾದ ಚೆಲುವಾಜಮ್ಮಣ್ಣಿಯವರ ಚೆಲುವಾಂಬ ಮ್ಯಾನ್‌ಷನ್‌ನಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ನಮ್ಮೆಲ್ಲರ ಸಿಎಫ್‌ಟಿಆರ್‌ಐ, ಆರಂಭವಾಯಿತು. ಅಕ್ಕತಂಗಿಯರ ಮೂರು ಮನೆಗಳೂ ಉಳಿದುಕೊಂಡದ್ದು ಈ ಊರಿನ ಪುಣ್ಯ. ಮೂರಕ್ಕೂ ಹೊಸ ಕೆಲಸ ಸಿಕ್ಕಿತು, ಆದ್ದರಿಂದಲೇ ಉಳಿದವು. ಕೆಲಸವಿಲ್ಲದ ದೊಡ್ಡ ಮನೆ ಎರಡು ಮಳೆಗಾಲ ತಡೆಯುವುದು ಕಷ್ಟ.

ಈಗ ಮನೆಯೊಳಕ್ಕೆ ಹೋಗೋಣ. ಇದರ ವೆಚ್ಚ ಸುಮಾರು 7 ಲಕ್ಷ ರೂಪಾಯಿ ಎಂಬ ಲೆಕ್ಕ ಬಳಕೆಯಲ್ಲಿದೆ. ಅಂದರೆ ಅಂಬಾವಿಲಾಸಕ್ಕೆ ತಗುಲಿದ್ದರ ಆರನೆಯ ಒಂದು ಭಾಗ. ಒಂದು ಸಂಸಾರದ ಮನೆಗೆ ಇದು ಎಷ್ಟು ದೊಡ್ಡ ಮೊತ್ತವೆಂದು ಇದರಿಂದಲೇ ಊಹಿಸಬಹುದು. 125 ಕೋಣೆಗಳು, 300 ಕಿಟಕಿಗಳು, 287 ಬಾಗಿಲುಗಳು ಎಂದು ಎಣಿಕೆ ಹೇಳುತ್ತದೆ. ನಾನು ಎಣಿಸಿ ನೋಡಿಲ್ಲವಾದರೂ, ಒಂದು ಸಂಜೆ ಕಾವಲುಗಾರರೊಬ್ಬರು ಕಿಟಕಿ ಹಾಕುತ್ತ ಹೋಗುವುದನ್ನು ಅವರ ಹಿಂದೆಯೇ ನಡೆದು ನೋಡಿದ್ದೇನೆ. ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಹೊರಗೆ ಕತ್ತಲಾಗಿತ್ತು. ಮುಂಭಾಗದಲ್ಲಿ ಜೋಡಿ ಕಂಬಗಳು, ಎಲೆಗಳ ಕೆತ್ತನೆಯಿರುವ ಕೊರಿಂಥಿಯನ್ ಬೋದಿಗೆಗಳು, ಸುರುಳಿಯ ಅಯಾನಿಕ್ ಕಂಬಗಳು. ಇವೆಲ್ಲ ಆಗಿನ ಕಾಲದ ಯುರೋಪಿಯನ್ ಮೋಹ. ಒಳಗೆ ಹೋದರೆ ಭುವನೇಶ್ವರಿ ಮಂಟಪ, ಕಲ್ಯಾಣ ಮಂಟಪ, ಕೆತ್ತನೆಯ ಮರದ ಬಾಗಿಲುಗಳು. ಅಲ್ಲಿ ಮನೆ ಮತ್ತೆ ನಮ್ಮದಾಗುತ್ತದೆ. ಹೊರಗೆ ಬಂದವರಿಗೆ ಒಂದು ಮುಖ, ಒಳಗಿನವರಿಗೆ ಇನ್ನೊಂದು ಮುಖ ಎಂಬ ಈ ಏರ್ಪಾಡು ಆ ತಲೆಮಾರಿನ ಮೈಸೂರಿನ ಗುಣವೇ ಆಗಿತ್ತು. ಕಚೇರಿಗೆ ಕೋಟು ತೊಟ್ಟು ಹೋಗಿ, ಮನೆಗೆ ಬಂದು ಮಡಿಯುಟ್ಟು ಊಟಕ್ಕೆ ಕೂರುತ್ತಿದ್ದವರ ಮನೆ ಇದು.

ನಾನು ಹೆಚ್ಚು ಹೊತ್ತು ನಿಲ್ಲಬಯಸುವುದು ತಾರಸಿಯ ಕೆಳಗೆ. ಆ ಕಾಲದ ಮೈಸೂರಿನ ದೊಡ್ಡ ಕಟ್ಟಡಗಳಿಗೆ ಮದ್ರಾಸ್ ತಾರಸಿ ಹಾಕುವುದು ರೂಢಿ. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳನ್ನಿಟ್ಟು, ಅವುಗಳ ಮೇಲೆ ಸಾಲಾಗಿ ಜಂತೆ ಜೋಡಿಸಿ, ಜಂತೆಗಳ ಮೇಲೆ ತೆಳ್ಳನೆಯ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಓರೆಯಾಗಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಬೆರೆಸಿದ ದಪ್ಪ ಪದರ. ಆ ಪದರವನ್ನು ದಿನಗಟ್ಟಲೆ ಮರದ ಕೊಡತಿಯಿಂದ ಬಡಿಯುತ್ತಾರೆ. ಬಡಿಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾರೆ. ಸಾಲಾಗಿ ಕೂತ ಹೆಂಗಸರು ಹಾಡು ಹೇಳುತ್ತ ತಾರಸಿ ಬಡಿಯುತ್ತಿದ್ದುದನ್ನು ನೋಡಿದ ಹಿರಿಯರು ಈಚಿನವರೆಗೂ ಇದ್ದರು. ಹಾಗೆ ಪಕ್ವವಾದ ತಾರಸಿ ಬೇಸಗೆಯಲ್ಲಿ ತಂಪಾಗಿರುತ್ತದೆ, ನೂರು ವರ್ಷ ಬಾಳುತ್ತದೆ. ಆದರೆ ಅದಕ್ಕೆ ಪ್ರತಿ ವರ್ಷ ಮನುಷ್ಯರ ಕೈ ಬೇಕು. ನೀರು ಹೋಗುವ ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ಹಕ್ಕಿ ತಂದು ಹಾಕಿದ ಬೀಜದಿಂದ ಅರಳಿಯ ಸಸಿ ಬಿರುಕಿನಲ್ಲಿ ಬೇರು ಬಿಡುತ್ತದೆ. ಇಳಿದ ನೀರು ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಮುಟ್ಟುತ್ತದೆ. ಅಲ್ಲಿ ಮರ ಮೆತ್ತಗಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಕಂಡಾಗ ಯಾರೋ ಮೇಲೆ ಒಂದು ಪದರ ಸಿಮೆಂಟು ಬಳಿಸುತ್ತಾರೆ. ಸುಣ್ಣ ಉಸಿರಾಡುವ ವಸ್ತು. ಸಿಮೆಂಟು ಅದರ ಬಾಯಿ ಕಟ್ಟುತ್ತದೆ, ಒಳಗಿನ ತೇವ ಒಳಗೇ ಉಳಿದು ಮರವನ್ನು ತಿನ್ನುತ್ತದೆ. ಹಳೆಯ ಮನೆಗಳನ್ನು ಕೊಲ್ಲುವ ಕೆಲಸದಲ್ಲಿ ನಿರ್ಲಕ್ಷ್ಯದಷ್ಟೇ ಪಾಲು ಈ ತಪ್ಪು ಮದ್ದಿನದೂ ಇದೆ.

ಮನೆಯ ಯಜಮಾನರಾದ ಕಾಂತರಾಜ ಅರಸರ ಬಗ್ಗೆ ಎರಡು ಮಾತು ಹೇಳಲೇಬೇಕು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೆ ಆ ಸ್ಥಾನಕ್ಕೆ ಬಂದವರು ಅವರು. 1919ರಿಂದ 1922ರವರೆಗೆ ದಿವಾನರಾಗಿದ್ದು, ಆರೋಗ್ಯ ಕೆಟ್ಟು ಬಿಟ್ಟುಕೊಟ್ಟರು, ಮರುವರ್ಷವೇ ತೀರಿಕೊಂಡರು. ಅವರ ಹಿಂದೆ ವಿಶ್ವೇಶ್ವರಯ್ಯ, ಸ್ವಲ್ಪ ಮುಂದೆ ಮಿರ್ಜಾ ಇಸ್ಮಾಯಿಲ್. ಆ ಎರಡು ದೊಡ್ಡ ಹೆಸರುಗಳ ನಡುವೆ ಕಾಂತರಾಜ ಅರಸರ ಹೆಸರು ಮಸುಕಾಗಿದೆ. ಇದು ನ್ಯಾಯವಲ್ಲ ಎಂದು ನನ್ನ ಭಾವನೆ. ಸರ್ಕಾರಿ ನೌಕರಿಗಳು ಒಂದೇ ಜಾತಿಯ ಕೈಯಲ್ಲಿ ಸೇರಿಹೋಗಿವೆ ಎಂಬ ದೂರಿನ ಮೇಲೆ 1918ರಲ್ಲಿ ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳದರ್ಜೆಯವುಗಳಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಹಿಂದುಳಿದ ಜಾತಿಗಳವರನ್ನು ತುಂಬಬೇಕೆಂದು ಸಮಿತಿ ಹೇಳಿತು. ಸರ್ಕಾರ ಅದನ್ನು ಒಪ್ಪಿ ಆದೇಶ ಹೊರಡಿಸಿದ್ದು 1921ರಲ್ಲಿ, ಕಾಂತರಾಜ ಅರಸರು ದಿವಾನರಾಗಿದ್ದಾಗ. ಇಂದಿನ ಮೀಸಲಾತಿಯ ಚರ್ಚೆಗಳಲ್ಲಿ ಆ ಆದೇಶವನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತೇವೆ. ಈ ಮನೆಯಿಂದ ಗಾಡಿ ಹತ್ತಿ ಕಚೇರಿಗೆ ಹೋಗುತ್ತಿದ್ದ ದಿವಾನರ ಕಾಲದಲ್ಲಿ ಅದು ಹೊರಟಿತೆಂಬುದನ್ನು, ಮುಂದೆ ಈ ಮನೆಗೆ ಬಂದ ವಸ್ತುಗಳ ಕತೆ ಹೇಳುವಾಗ ನೀವು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

1923ರಿಂದ ಸ್ವಾತಂತ್ರ್ಯದವರೆಗಿನ ಕಾಲವನ್ನು ಬೇಗ ದಾಟುತ್ತೇನೆ. ಮನೆ ರಾಜಮನೆತನದ್ದಾಗಿಯೇ ಉಳಿಯಿತು. 1947ರ ನಂತರ ಮೈಸೂರಿನ ಅರಮನೆಗಳೆಲ್ಲ ಒಂದೇ ಪ್ರಶ್ನೆಯ ಮುಂದೆ ನಿಂತವು: ಆಳುಕಾಳು ಇಲ್ಲದೆ, ಹಳೆಯ ಆದಾಯವಿಲ್ಲದೆ, ಇಷ್ಟು ಕೋಣೆಗಳಿಗೆ ದೀಪ ಹಚ್ಚುವವರು ಯಾರು? ಕೆಲವು ಹೋಟೆಲಾದವು, ಕೆಲವು ಕಚೇರಿಯಾದವು. ಲಲಿತ ಮಹಲ್ ಹೋಟೆಲಾದುದು ಎಲ್ಲರಿಗೂ ಗೊತ್ತಿದೆ.

ಈ ಮನೆಯನ್ನು ಕೊಳ್ಳಲು ಮುಂದೆ ಬಂದದ್ದು ಮೈಸೂರು ವಿಶ್ವವಿದ್ಯಾನಿಲಯ. ಅದನ್ನು 1916ರಲ್ಲಿ ಸ್ಥಾಪಿಸಿದವರು ಇದೇ ಜಯಲಕ್ಷ್ಮಮ್ಮಣ್ಣಿಯವರ ತಮ್ಮ ನಾಲ್ವಡಿ ಕೃಷ್ಣರಾಜರು. ತಮ್ಮ ಕಟ್ಟಿದ ಸಂಸ್ಥೆ ಅಕ್ಕನ ಮನೆಯನ್ನು ಕೊಂಡಿತು ಎಂದರೆ ವಂಶಾವಳಿಯ ದೃಷ್ಟಿಯಿಂದ ಮನೆ ಅಷ್ಟೇನೂ ದೂರ ಹೋಗಲಿಲ್ಲ. 1956ರಿಂದ 1960ರವರೆಗೆ ಕುವೆಂಪು ಅವರು ಕುಲಪತಿಗಳಾಗಿದ್ದರು. ಊರಿನೊಳಗಿನ ಕಾಲೇಜುಗಳಿಂದ ದೂರವಾಗಿ, ಸ್ನಾತಕೋತ್ತರ ಅಧ್ಯಯನಕ್ಕೇ ಮೀಸಲಾದ ಒಂದು ವಿಶಾಲ ಆವರಣ ಬೇಕೆಂದು ಅವರು ಕನಸು ಕಂಡರು. ಮಾನಸಗಂಗೋತ್ರಿ ಎಂದು ಅದಕ್ಕೆ ಹೆಸರಿಟ್ಟವರೂ ಅವರೇ. ಆ ಕನಸಿನ ನಡುವೆ ಈ ಮನೆ ನಿಂತಿತ್ತು. 1959ರಲ್ಲಿ 10 ಲಕ್ಷ ರೂಪಾಯಿ ಕೊಟ್ಟು ವಿಶ್ವವಿದ್ಯಾನಿಲಯ ಅದನ್ನು ಕೊಂಡಿತು. ಅರ್ಧ ಶತಮಾನದ ಹಿಂದೆ 7 ಲಕ್ಷಕ್ಕೆ ಕಟ್ಟಿದ ಮನೆಗೆ, ರೂಪಾಯಿಯ ಬೆಲೆ ಅಷ್ಟು ಇಳಿದ ಮೇಲೂ, ಹತ್ತೇ ಲಕ್ಷ. ಆ ಕಾಲದಲ್ಲಿ ಅದೂ ದೊಡ್ಡ ಮೊತ್ತವೇ, ಒಂದು ಹಳೆಯ ಅರಮನೆಗೆ ಇಷ್ಟು ಹಣವೇ ಎಂದು ಯಾರಾದರೂ ಕೇಳಬಹುದಾಗಿದ್ದಷ್ಟು. ಕುವೆಂಪು ಕೊಂಡರು. ಮಲೆನಾಡಿನ ಕುಪ್ಪಳಿಯ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಒಂದು ದೊಡ್ಡ ಮನೆ ಎಷ್ಟು ಜನರನ್ನು ಹೊರಬಲ್ಲದು ಎಂಬುದು ಚೆನ್ನಾಗಿ ಗೊತ್ತಿದ್ದೀತು ಎಂದು ನನಗೆ ತೋರುತ್ತದೆ.

ಕೊಂಡ ಮನೆಗೆ ತಕ್ಕ ಕೆಲಸ ಸಿಕ್ಕಿದ್ದು 1968ರಲ್ಲಿ, ಜಾನಪದ ವಸ್ತುಸಂಗ್ರಹಾಲಯ ಅಲ್ಲಿಗೆ ಬಂದಾಗ. ಕನ್ನಡ ವಿದ್ವಾಂಸ ದೇ. ಜವರೇಗೌಡರ (ದೇಜಗೌ) ಹಟ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ತಿರುಗಾಟ, ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕಣ್ಣು, ಈ ಮೂರೂ ಸೇರದಿದ್ದರೆ ಆ ಸಂಗ್ರಹ ಆಗುತ್ತಿರಲಿಲ್ಲ. ಹಳ್ಳಿಹಳ್ಳಿ ಸುತ್ತಿ, ಅಟ್ಟದ ಮೇಲಿಂದ, ಕೊಟ್ಟಿಗೆಯ ಮೂಲೆಯಿಂದ, ಗುಡಿಯ ಹಿಂಬದಿಯಿಂದ ಅವರು ತಂದ ವಸ್ತುಗಳು ಇಂದು 6,500ಕ್ಕೂ ಹೆಚ್ಚು. ತೊಗಲುಗೊಂಬೆಗಳು, ಮುಖವಾಡಗಳು, ಬಯಲಾಟದ ವೇಷಭೂಷಣಗಳು, ವಾದ್ಯಗಳು, ಬೇಸಾಯದ ಸಲಕರಣೆಗಳು, ಅಡುಗೆಮನೆಯ ಪಾತ್ರೆಪಡಗಗಳು. ರಾಜಕುಮಾರಿಯ ಮನೆಗೆ ಬಂದವು ಇವು! ಈ ವಸ್ತುಗಳನ್ನು ಬಳಸುತ್ತಿದ್ದವರು ಆ ಮನೆಯಲ್ಲಿ ಸಂಸಾರವಿದ್ದ ಕಾಲದಲ್ಲಿ ಮುಂಬಾಗಿಲಿನಿಂದ ಒಳಗೆ ಕಾಲಿಡುವ ಮಾತೇ ಇರಲಿಲ್ಲ. ಅವರ ಮಕ್ಕಳಿಗೆ ಕಚೇರಿಯಲ್ಲಿ ಕುರ್ಚಿ ಸಿಗಲೆಂದು 1921ರಲ್ಲಿ ಆದೇಶ ಹೊರಟಿತು. ಅವರ ನೇಗಿಲು, ನೊಗಗಳಿಗೆ ಕಲ್ಯಾಣ ಮಂಟಪದ ನೆರೆಯಲ್ಲಿ ಜಾಗ ಸಿಗಲು ಇನ್ನೂ ನಲವತ್ತೇಳು ವರ್ಷ ಬೇಕಾಯಿತು.

ಒಂದು ಸ್ವಂತ ಅನುಭವವನ್ನು ಹೇಳುತ್ತೇನೆ. ನಾನು ಗಂಗೋತ್ರಿಯಲ್ಲಿ ಓದುತ್ತಿದ್ದಾಗ ನಮ್ಮವ್ವ ಒಮ್ಮೆ ಊರಿನಿಂದ ಬಂದಿದ್ದರು. ಅರಮನೆ ತೋರಿಸುತ್ತೇನೆಂದು ಕರೆದುಕೊಂಡು ಹೋದೆ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಸೆರಗು ಹೊದ್ದು, ದೇವಸ್ಥಾನಕ್ಕೆ ಬಂದವರ ಹಾಗೆ ಒಳಗೆ ಬಂದರು. ಕಂಬ, ಬಾಗಿಲು, ಬಣ್ಣದ ಗಾಜು ಯಾವುದನ್ನೂ ಅವರು ಹೆಚ್ಚು ಹೊತ್ತು ನೋಡಲಿಲ್ಲ. ಕಾಳು ಅಳೆಯುವ ಅಳತೆಗಳನ್ನು ಜೋಡಿಸಿಟ್ಟಿದ್ದ ಕಡೆ ಬಂದಾಗ ನಿಂತುಬಿಟ್ಟರು. ಚಟಾಕು, ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಸಣ್ಣದರಿಂದ ದೊಡ್ಡದಕ್ಕೆ. ಕೊಳಗದ ಬಾಯಿಯ ಅಂಚಿನಲ್ಲಿ ಒಂದು ಕಡೆ ಲೋಹ ಸವೆದು ತೆಳ್ಳಗಾಗಿತ್ತು. ರಾಗಿಯ ರಾಶಿಯೊಳಕ್ಕೆ ಸದಾ ಒಂದೇ ಬದಿಯಿಂದ ನುಗ್ಗಿಸಿ ಮೊಗೆದ ಗುರುತು ಅದು. ಅವ್ವ ಆ ಸವೆದ ಜಾಗವನ್ನು ಬೆರಳಿನಿಂದ ತೋರಿಸಿ, "ಇದನ್ನ ಅಳೀತಿದ್ದೋನು ಎಡಚ ಕಣಪ್ಪ" ಎಂದರು. ನಾನು ಆ ವರ್ಷವೆಲ್ಲ ಜಾನಪದದ ಮೇಲೆ ಪಾಠ ಕೇಳಿದ್ದೆ. ಕೊಳಗಕ್ಕೆ ಎಷ್ಟು ಸೇರು ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಆ ಕೊಳಗದ ಹಿಂದೆ ಕಣದಲ್ಲಿ ಕೂತ ಒಬ್ಬ ಮನುಷ್ಯನಿದ್ದಾನೆ, ಅವನಿಗೆ ಎಡಗೈ ಬಳಕೆ, ಎಂದು ಓದಲು ನನಗೆ ಬಂದಿರಲಿಲ್ಲ. ಅವತ್ತಿನಿಂದ ಈ ಮನೆಯ ಒಡೆಯರ ಪಟ್ಟಿಯಲ್ಲಿ ಆ ಹೆಸರಿಲ್ಲದ ಎಡಚನನ್ನೂ ನಾನು ಸೇರಿಸಿಕೊಂಡಿದ್ದೇನೆ.

ಇಂಥ ವಸ್ತುಗಳು ಇರುವ ಮನೆಗೆ ನೀರು ಇಳಿದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ತೊಗಲುಗೊಂಬೆಯ ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಉಳಿಯಿಂದ ರಂಧ್ರ ಕೊರೆದು, ಬಣ್ಣ ಹಾಕಿರುತ್ತಾರೆ. ತೇವ ತಾಗಿದರೆ ಅದು ಅಂಚಿನಿಂದ ಸುರುಳಿಗಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ; ಆಮೇಲೆ ಎಷ್ಟು ಒಣಗಿಸಿದರೂ ಮೊದಲಿನ ಹಾಗೆ ಚಪ್ಪಟೆಯಾಗುವುದಿಲ್ಲ. ಮರದ ವಸ್ತುಗಳಿಗೆ ಗೆದ್ದಲಿನ ಭಯ ಬೇರೆ. ವಿಶ್ವವಿದ್ಯಾನಿಲಯಗಳ ಬಜೆಟ್ಟಿನಲ್ಲಿ ಹೊಸ ಕಟ್ಟಡಕ್ಕೆ ಹಣ ದೊರೆಯುವಷ್ಟು ಸುಲಭವಾಗಿ ಹಳೆಯ ತಾರಸಿಯ ಗಾರೆಗೆ ದೊರೆಯುವುದಿಲ್ಲ. ಇದು ಒಂದು ಸಂಸ್ಥೆಯ ತಪ್ಪಲ್ಲ, ನಮ್ಮೆಲ್ಲರ ಲೆಕ್ಕ ಬರೆಯುವ ಪದ್ಧತಿಯ ತಪ್ಪು. ಉದ್ಘಾಟನೆಗೆ ಕಲ್ಲು ನೆಡಬಹುದು, ದೋಣಿ ಶುಚಿ ಮಾಡಿದ್ದಕ್ಕೆ ಕಲ್ಲು ನೆಡುವುದಿಲ್ಲ. ಶತಮಾನದ ಕೊನೆಯ ಹೊತ್ತಿಗೆ ಮನೆ ತೀರ ಹದಗೆಟ್ಟಿತ್ತು. 2002ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ 1.17 ಕೋಟಿ ರೂಪಾಯಿ ನೆರವು ಕೊಟ್ಟಿತು. ದುರಸ್ತಿಯಾಗಿ 2006ರಲ್ಲಿ ಮನೆ ಮತ್ತೆ ಬಾಗಿಲು ತೆರೆಯಿತು. 7 ಲಕ್ಷಕ್ಕೆ ಕಟ್ಟಿ, 10 ಲಕ್ಷಕ್ಕೆ ಕೊಂಡ ಮನೆಯನ್ನು ನಿಲ್ಲಿಸಿಕೊಳ್ಳಲು ಒಂದು ಕೋಟಿಗೂ ಮೇಲೆ ಬೇಕಾಯಿತು.

ಅದರಿಂದಲೂ ಕತೆ ಮುಗಿಯಲಿಲ್ಲ. ದೊಡ್ಡ ದುರಸ್ತಿಯೊಂದನ್ನು ಮಾಡಿಸಿದ ಮೇಲೆ ಇನ್ನು ಚಿಂತೆಯಿಲ್ಲವೆಂದು ಕೂರುವ ಹಾಗಿಲ್ಲ. ಮಳೆ ಪ್ರತಿ ವರ್ಷ ಬರುತ್ತದೆ. ಕೆಲವೇ ವರ್ಷಗಳಲ್ಲಿ ಮತ್ತೆ ಸೋರಿಕೆ, ಮತ್ತೆ ಬಿರುಕು; ಇತ್ತೀಚೆಗೆ ಜಾನಪದ ಸಂಗ್ರಹವಿರುವ ಪಶ್ಚಿಮ ಪಾರ್ಶ್ವವನ್ನು ಸರಿಪಡಿಸಲು ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿ ಮುಂದೆ ಬಂದಿದೆ. ನೆರವು ಎಲ್ಲಿಂದ ಬಂದರೂ ಸ್ವಾಗತವೇ. ಆದರೆ ಚಾಮರಾಜನಗರ, ಮಂಡ್ಯ, ಚಿತ್ರದುರ್ಗಗಳ ರೈತರ ಮನೆಯ ಕೂರಿಗೆ, ಕೊಳಗಗಳ ಮೇಲೆ ಸೋರದಿರಲೆಂದು ಸಾಗರದಾಚೆಯಿಂದ ಹಣ ಬರಬೇಕಾಯಿತು ಎಂಬುದು ನನ್ನನ್ನು ನೋಯಿಸುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡಲು ನನಗೆ ಬರುವುದಿಲ್ಲ.

ಎಚ್ಚರಿಕೆಗೆ ನಾವು ದೂರ ಹುಡುಕಬೇಕಾಗಿಲ್ಲ. 2012ರ ಆಗಸ್ಟ್‌ನಲ್ಲಿ ಇದೇ ಊರಿನ ನಡುವೆ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಎರಡೂ ಸುಣ್ಣದ ಗಾರೆಯ ಕಟ್ಟಡಗಳು, ಎರಡೂ ಬಿದ್ದದ್ದು ಮಳೆಯ ತಿಂಗಳಲ್ಲಿ. ಬಿದ್ದ ಮೇಲೆ, ಕೆಡವುವುದೋ ಉಳಿಸುವುದೋ ಎಂದು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ವಾದ ನಡೆಯಿತು. ಆ ವಾದದ ಕಾಗದಕ್ಕೆ ಹೋದ ಹೊತ್ತಿನಲ್ಲಿ ಸ್ವಲ್ಪವನ್ನಾದರೂ ಕುಸಿತಕ್ಕೆ ಮೊದಲಿನ ಹತ್ತು ವರ್ಷಗಳಲ್ಲಿ ತಾರಸಿಗೆ ಕೊಟ್ಟಿದ್ದರೆ, ಅಲ್ಲಿ ಅಂಗಡಿಯಿಟ್ಟುಕೊಂಡು ಬದುಕುತ್ತಿದ್ದವರು ಇವತ್ತೂ ಅಲ್ಲೇ ಹೂವು, ಪುಸ್ತಕ, ವೀಳ್ಯದೆಲೆ ಮಾರುತ್ತಿದ್ದರೋ ಏನೋ. ಹಳೆಯ ಮನೆಗಳ ಪರವಾಗಿ ಮಾತಾಡುವವರು ಬರಿಯ ಚೆಂದದ ಮಾತಾಡುತ್ತಾರೆಂದು ಹೇಳುವವರಿಗೆ ನಾನು ಲ್ಯಾನ್ಸ್‌ಡೌನ್ ಕಟ್ಟಡದ ನಾಲ್ವರನ್ನು ನೆನಪಿಸುತ್ತೇನೆ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, "ಈ ಮನೆ ವಿಶ್ವವಿದ್ಯಾನಿಲಯದ ಕೈಗೆ ಬಂದು ಅರವತ್ತು ವರ್ಷದ ಮೇಲಾಯಿತು; ಕುವೆಂಪು ಹೆಸರನ್ನೋ ದೇಜಗೌ ಹೆಸರನ್ನೋ ಇಡಬಹುದಿತ್ತಲ್ಲ ಸ್ವಾಮಿ, ಇನ್ನೂ ಏಕೆ ಆ ಹಳೆಯ ಹೆಸರು?" ಎಂದು ಕೇಳಿದರು. ಪ್ರಶ್ನೆಯನ್ನು ಪ್ರೀತಿಯಿಂದಲೇ ಕೇಳಿದ್ದರು. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆದಿಡುತ್ತೇನೆ. ಕುವೆಂಪು ಅವರ ಹೆಸರಿಗೆ ಈ ನಾಡಿನಲ್ಲಿ ನೆಲೆಗಳು ಕಡಿಮೆಯಿಲ್ಲ. ಕಾಂತರಾಜ ಅರಸರ ಹೆಸರಿನಲ್ಲಿ ಮೈಸೂರಿನಲ್ಲಿ ಒಂದು ರಸ್ತೆಯಿದೆ, ದಿನಾ ಸಾವಿರಾರು ಜನ ಅದನ್ನು ಉಚ್ಚರಿಸುತ್ತಾರೆ. ತಾಯಿಯ ಹೆಸರು ವಾಣಿವಿಲಾಸದಲ್ಲಿ, ತಮ್ಮನ ಹೆಸರು ಕೃಷ್ಣರಾಜಸಾಗರದಲ್ಲಿ ಉಳಿದಿದೆ. ತಾನು ಹುಟ್ಟಿದ ಮನೆ ತನ್ನ ಮದುವೆಯ ದಿನಗಳಲ್ಲೇ ಉರಿದುಹೋದದ್ದನ್ನು ಕಂಡ ಆ ಹೆಣ್ಣುಮಗಳ ಹೆಸರು ಜನರ ಬಾಯಲ್ಲಿ ಇಂದಿಗೂ ಇರುವುದು ಮುಖ್ಯವಾಗಿ ಈ ಮನೆಯಿಂದ. ಅವರು ತಲೆದೂಗಿ ಕೂತರು. ಹೊರಗೆ ಆ ಹೊತ್ತಿಗೆ ಹನಿ ಶುರುವಾಗಿತ್ತು. ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬರು ಚಹಾಕ್ಕೂ ನಿಲ್ಲದೆ, ಪಶ್ಚಿಮದ ಕಿಟಕಿಗಳನ್ನು ಹಾಕಿದ್ದಾರೋ ಇಲ್ಲವೋ ನೋಡಿಕೊಂಡು ಬರುತ್ತೇನೆಂದು ಕೊಡೆ ಬಿಚ್ಚಿ ಹೊರಟುಹೋದರು.